ಹಗ್ಗ ಹಿಡಿಯುವ ಬಾಮೈದ

ಮೊನ್ನೆ ಕನಕಪುರದಿಂದ ದೊಡ್ಡಆಲಹಳ್ಳಿ ಕಡೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ನಡುವೆ ಒಂದೂರಿನಲ್ಲಿ ಬಸ್ಸು ನಿಂತಾಗ ರಸ್ತೆ ಬದಿಯ ಮನೆಯವರು ರೇಷ್ಮೆಹುಳು ಸಾಕುವ ಕೋಣೆಯನ್ನು ತೊಳೆಯುತ್ತಿದ್ದರು. ಒಂದು ಬೆಳೆಯ ಗೂಡು ಮಾರುಕಟ್ಟೆಗೆ ಹೋದ ಮೇಲೆ, ಮುಂದಿನ ಬೆಳೆಗೆ ಮೊದಲು ಬ್ಲೀಚಿಂಗ್ ಪೌಡರ್ ಕಲಸಿದ ನೀರಿನಲ್ಲಿ ನೆಲ, ಗೋಡೆ, ತಟ್ಟೆ ಎಲ್ಲವನ್ನೂ ತೊಳೆಯುವುದು ಈ ಕಡೆಯ ಪದ್ಧತಿ. ಆ ವಾಸನೆ ಮೂಗಿಗೆ ಬಡಿದಿದ್ದೇ ತಡ, ನಾನು ಬಾಯಿ ಮುಚ್ಚಿಕೊಂಡು ಕಿಟಕಿಯ ಕಡೆ ಬಗ್ಗಿದೆ. ಪಕ್ಕದಲ್ಲಿದ್ದ ಹೆಂಗಸು ಇವಳೆಲ್ಲಿ ವಾಂತಿ ಮಾಡಿಕೊಳ್ಳುತ್ತಾಳೋ ಎಂದು ತನ್ನ ಚೀಲವನ್ನು ಸರಿಸಿಕೊಂಡಳು. ವಾಂತಿಯೇನೂ ಬರಲಿಲ್ಲ. ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲ ನೆನಪಾಯಿತು, ಮಾದೇಶ ನೆನಪಾದ.

ನಾನು ಚನ್ನಪಟ್ಟಣದವಳು. ಅಬ್ಬಾ ಬೊಂಬೆ ಕೆಲಸದವರು, ಜೀವಮಾನವೆಲ್ಲ ಮರಕ್ಕೆ ಅರಗಿನ ಬಣ್ಣ ಹಚ್ಚಿದವರು. ನಾನು ಕೆಮಿಸ್ಟ್ರಿ ಓದಿ, ಕುಡಿಯುವ ನೀರಿನ ಘಟಕಗಳಲ್ಲಿ ದುಡಿಯುವವರಿಗೆ ಜೀವ ಉಳಿಸಿಕೊಂಡು ಕೆಲಸ ಮಾಡುವುದು ಹೇಗೆಂದು ಕಲಿಸುವ ಕೆಲಸಕ್ಕೆ ಸೇರಿದೆ. ಅಮ್ಮನಿಗೆ ಇವತ್ತಿಗೂ ನನ್ನ ಕೆಲಸ ಏನೆಂದು ಗೊತ್ತಿಲ್ಲ. ಯಾರಾದರೂ ಕೇಳಿದರೆ, "ನಸೀಮಾಗೆ ಗಂಡಸರನ್ನು ಬೈಯೋದಕ್ಕೆ ಸಂಬಳ ಕೊಡ್ತಾರೆ" ಎನ್ನುತ್ತಾಳೆ. ಅದು ಪೂರ್ತಿ ಸುಳ್ಳೂ ಅಲ್ಲ. ನನ್ನ ಬಾಯಿ ಸ್ವಲ್ಪ ಜೋರು. ಸಾವಿನ ವಿಷಯ ಮೆತ್ತಗೆ ಹೇಳಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ ಎಂಬುದು ನನ್ನ ಅನುಭವ.

ಆ ವರ್ಷ ಮಳೆ ಹಿಡಿಯುವುದಕ್ಕೆ ಮುಂಚೆ ನನ್ನನ್ನು ದೊಡ್ಡಆಲಹಳ್ಳಿ ದಾರಿಯ ಒಂದು ಘಟಕಕ್ಕೆ ಹಾಕಿದರು. ಸುತ್ತಮುತ್ತಲ ಹಳ್ಳಿಗಳಿಗೆ ಕುಡಿಯುವ ನೀರು ಹೋಗುತ್ತಿದ್ದುದು ಅಲ್ಲಿಂದಲೇ. ಊರವರ ಬಾಯಲ್ಲಿ ಅದು ಫಿಲ್ಟರ್ ಹೌಸ್. ಹೊಳೆಯ ನೀರಿಗೆ ಪಟಿಕ ಹಾಕಿ ಕೆಸರು ಕೂರಿಸುವುದು, ಮರಳಿನಲ್ಲಿ ಸೋಸುವುದು, ಕ್ಲೋರಿನ್ ಕೊಟ್ಟು ಟ್ಯಾಂಕಿಗೆ ಬಿಡುವುದು, ಇಷ್ಟೇ ಅಲ್ಲಿನ ಕೆಲಸ. ನಡೆಸುತ್ತಿದ್ದವನು ಗುತ್ತಿಗೆದಾರ. ದುಡಿಯುತ್ತಿದ್ದವರೆಲ್ಲ ಅಕ್ಕಪಕ್ಕದ ಬೇಸಾಯದ ಮನೆಗಳವರು. ಬೆಳಿಗ್ಗೆ ಎದ್ದು ಹುಳುವಿಗೆ ಸೊಪ್ಪು ಕೊಯ್ದು ಹಾಕಿ, ರಾಗಿ ಹೊಲದ ಕಡೆ ಒಂದು ಸುತ್ತು ಹೋಗಿ, ಕಾಲಿನ ಮಣ್ಣು ಒಣಗುವ ಮೊದಲೇ ಪಾಳಿಗೆ ಬಂದು ನಿಲ್ಲುತ್ತಿದ್ದರು.

ಪಂಪ್ ರೂಮಿನ ಪಕ್ಕದ ತಗಡಿನ ಶೆಡ್ಡೇ ನನ್ನ ಶಾಲೆ. ಮೊದಲ ದಿನ ಕ್ಲೋರಿನ್ ಪಾಠ. ಸಿಲಿಂಡರ್ ಸೋರಿದರೆ ಅದರ ಮೇಲೆ ನೀರು ಹುಯ್ಯಬೇಡಿ, ಸೋರುವ ತೂತು ಇನ್ನೂ ದೊಡ್ಡದಾಗುತ್ತದೆ, ಗಾಳಿ ಬರುವ ದಿಕ್ಕಿಗೆ, ಎತ್ತರಕ್ಕೆ ಓಡಿ ಎಂದೆ. ಹಿಂದಿನ ಸಾಲಿನಿಂದ ಒಂದು ದನಿ ಬಂತು.

"ನೀರಿನ್ ಮನೇಲಿ ಕೂತ್ಕಂಡು ನೀರ್ ಹುಯ್ಬಾರ್ದಾ ಮೇಡಂ? ಇದ್ಯಾವ್ ಊರ್ ನ್ಯಾಯ?"

ಅವನೇ ಮಾದೇಶ. ವಾಲ್ವುಗಳ ಕೆಲಸದಲ್ಲಿ ಪಳಗಿದ ಕೈ, ಸುಮ್ಮನಿರದ ಬಾಯಿ. ಮೂಗು ಬಾಯಿ ಮುಚ್ಚುವ ಮುಖವಾಡ ಕೊಟ್ಟರೆ ಹಾಕಿಕೊಂಡು ಎಲ್ಲರ ಕಡೆ ತಿರುಗಿ, "ಎತ್ತಿಗಾಕೋ ಬಾಯ್ಕುಕ್ಕೆ ಇದ್ದಂಗೈತೆ. ನಾನೇನು ಪಕ್ಕದ್ ಹೊಲ ಮೇಯಾಕಿಲ್ಲ ಬುಡಿ ಮೇಡಂ, ನನ್ ನಂಬಿ" ಎಂದು ಇಡೀ ಶೆಡ್ಡನ್ನು ನಗಿಸಿಬಿಟ್ಟ. ನಾನು ಗದರಿದೆ. ಗದರುವಾಗ ನನಗೂ ನಗು ಬಂತು. ಅವನ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದವನು ಶಿವಣ್ಣ, ಮಾದೇಶನ ಹೆಂಡತಿ ಜಯಮ್ಮನ ತಮ್ಮ. ತಾಯಿ ತೀರಿಕೊಂಡ ಮೇಲೆ ಅಕ್ಕನೇ ಅವನನ್ನು ಸಾಕಿದ್ದಳು. ಮದುವೆಯಾಗಿ ಬರುವಾಗ ತಮ್ಮನನ್ನೂ ಜೊತೆಗೇ ಕರೆದುಕೊಂಡು ಬಂದಿದ್ದಳು. ಘಟಕದ ಕೆಲಸಕ್ಕೆ ಸೇರಿಸಿದ್ದು ಭಾವ. ಇಬ್ಬರೂ ಒಂದೇ ಬೈಕಿನಲ್ಲಿ ಬಂದು, ಜಯಮ್ಮ ಕಟ್ಟಿಕೊಟ್ಟ ಒಂದೇ ಬುತ್ತಿಯಲ್ಲಿ ಮುದ್ದೆ ಮುರಿದುಕೊಂಡು ಉಣ್ಣುತ್ತಿದ್ದರು.

ಅವರಿಗೆ ನುಂಗಲಾಗದ ಪಾಠವೆಂದರೆ ಗುಂಡಿಯದು. ಕೆಸರು ಹೊರಗೆ ಹೋಗುವ ದಾರಿಯಲ್ಲಿ ಮುಚ್ಚಳ ಹಾಕಿದ ಆಳದ ಗುಂಡಿಗಳಿರುತ್ತವೆ, ವಾಲ್ವು ಇರುವುದು ಅವುಗಳ ತಳದಲ್ಲಿ. ವಾರಗಟ್ಟಲೆ ಮುಚ್ಚಿಟ್ಟರೆ ಒಳಗೆ ಕೆಸರು ಕೊಳೆತು ಗಾಳಿ ಕೆಡುತ್ತದೆ. ಕಣ್ಣಿಗೆ ಏನೂ ಕಾಣದು. ಇಳಿದವನು ಒಂದೆರಡು ಉಸಿರಿಗೆ ಕುಸಿದು ಬೀಳುತ್ತಾನೆ. ಮೇಲಿನವನು ಅಯ್ಯೋ ಎಂದು ಅವನನ್ನು ಎತ್ತಲು ಇಳಿಯುತ್ತಾನೆ, ಅವನೂ ಬೀಳುತ್ತಾನೆ. ಇಬ್ಬರನ್ನೂ ಎತ್ತಲು ಮೂರನೆಯವನು. ಪೇಪರಿನಲ್ಲಿ ನಾವು ಓದುವ ಇಂಥ ಸಾವುಗಳಲ್ಲಿ ಎಷ್ಟೋ ಜನ ಕಾಪಾಡಲು ಹೋದವರೇ ಆಗಿರುತ್ತಾರೆ. ಆದ್ದರಿಂದ ಒಳಗೆ ಯಾರೇ ಬಿದ್ದರೂ ಮೇಲಿರುವವನು ಇಳಿಯಲೇಬಾರದು ಎಂದು ನಾನು ಹೇಳಿದಾಗ ಶೆಡ್ಡಿನಲ್ಲಿ ಗುಜುಗುಜು ಎದ್ದಿತು. ಪುಟ್ಟಸ್ವಾಮಿ ಎಂಬ ದಪ್ಪ ಆಸಾಮಿ ಎದ್ದು ನಿಂತ.

"ಅಲ್ಲಾ ಮೇಡಂ, ನಮ್ಮೋನು ಒಳಗೆ ಒದ್ದಾಡ್ತಿದ್ರೆ ನಾವು ಮ್ಯಾಲ್ ನಿಂತ್ಕಂಡು ನೋಡದಾ? ಮನುಷ್ರಾ ನಾವು?"

"ನೋಡೋದಲ್ಲ ಕಣಪ್ಪ. ಹಗ್ಗ ಎಳೆಯೋದು, ಗಾಳಿ ಮಿಷನ್ ಹಚ್ಚಿ ಒಳಕ್ಕೆ ಒಳ್ಳೆ ಗಾಳಿ ಊದೋದು, ಜನ ಕರೆಯೋದು."

"ಅಷ್ಟೊತ್ಗೆ ಅವ್ನ್ ಪ್ರಾಣ ಹೋಗಿರ್ತದೆ" ಎಂದು ಅವನು ಧೊಪ್ಪನೆ ಕೂತ.

ಆಗ ನನ್ನ ಸಹಾಯಕ್ಕೆ ಬಂದವನು ಮಾದೇಶನೇ. "ಲೇ ಪುಟ್ಸಾಮಿ, ಮೇಡಂ ಹೊಸಾದೇನೂ ಹೇಳ್ತಿಲ್ಲ ಕಣ್ಲಾ. ನಮ್ ತಾತ ಬಾವಿ ಹೂಳ್ ತೆಗ್ಯಾಕೆ ಇಳೀತಿದ್ದ. ಮೊದ್ಲು ಹಗ್ಗಕ್ಕೆ ಹೊಂಗೆ ಸೊಪ್ಪು ಕಟ್ಟಿ ಇಳೆಬುಟ್ಟು ಒಳಗಿನ್ ಗಾಳಿ ಅಲ್ಲಾಡ್ಸೋರು. ಆಮ್ಯಾಕೆ ಸೊಂಟಕ್ಕೆ ಹಗ್ಗ ಕಟ್ಕಂಡು ಇಳ್ಯೋನು. ಆ ಹಗ್ಗ ಹಿಡಿಯೋನ್ ಯಾರು ಗೊತ್ತಾ? ಬಾಮೈದ. ಬ್ಯಾರೆಯೋರ್ ಕೈಗೆ ಕೊಡ್ತಿರ್ನಿಲ್ಲ. ಅಣ್ತಮ್ಮ ಆದ್ರೆ ಜಮೀನ್ ಆಸೆಗೆ ಬುಟ್ರೂ ಬುಟ್ಟ. ಬಾಮೈದ ಬುಡಾಕಿಲ್ಲ. ಅಕ್ಕನ್ ತಾಳಿ ಅಲ್ವಾ ಆ ತುದೀಲಿರದು!"

ಎಲ್ಲರೂ ನಕ್ಕರು. ಮಾದೇಶ ಶಿವಣ್ಣನ ಹೆಗಲ ಮೇಲೆ ಕೈ ಹಾಕಿ, "ಇನ್ನೊಂದೈತೆ. ಹಗ್ಗ ಹಿಡ್ದೋನ್ ಕಾಲು ಬಾವಿಕಟ್ಟೆ ಬುಟ್ಟು ಕದಲ್ಬಾರ್ದು. ಇದೂ ನಮ್ ತಾತನ್ ಕಾನೂನೇಯ" ಎಂದ.

ನಾನು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಅಂದಿನಿಂದ ಆ ಘಟಕದಲ್ಲಿ ಗುಂಡಿ ಕೆಲಸಕ್ಕೆ ಜೋಡಿ ನಿಗದಿಯಾಯಿತು. ಇಳಿಯುವವನು ಮಾದೇಶ, ಹಗ್ಗ ಹಿಡಿಯುವವನು ಶಿವಣ್ಣ. ಬಳಕೆಯಲ್ಲಿಲ್ಲದ ಒಂದು ಗುಂಡಿಯನ್ನು ತೆರೆದು, ಗಾಳಿ ಆಡಿಸಿ, ಪರೀಕ್ಷೆ ಮಾಡಿ, ಅದರಲ್ಲಿ ಅಭ್ಯಾಸ ಶುರು ಮಾಡಿದೆವು. ಮಾದೇಶ ಇಳಿದು ನಾಟಕದವರ ಹಾಗೆ ಎದೆ ಹಿಡಿದುಕೊಂಡು ಬೀಳುತ್ತಿದ್ದ. ಶಿವಣ್ಣ ಹಗ್ಗ ಬಿಸಾಕಿ ದಡಬಡ ಇಳಿದೇಬಿಡುತ್ತಿದ್ದ. "ಈಗ ನೀನೂ ಸತ್ತೆ. ಹತ್ತು ಮೇಲಕ್ಕೆ" ಎನ್ನುತ್ತಿದ್ದೆ. ಮತ್ತೆ ಮಾಡಿದರೂ ಅದೇ. ನಾಟಕವೆಂದು ಗೊತ್ತಿದ್ದೂ ಅವನ ಕಾಲು ನಿಲ್ಲುತ್ತಿರಲಿಲ್ಲ. ಒಂದು ದಿನ ನನಗೆ ತಲೆ ಕೆಟ್ಟು ಎಲ್ಲರೆದುರಿಗೇ ಕೂಗಾಡಿದೆ. "ನಿನ್ನಕ್ಕನಿಗೆ ಈಗ ಗಂಡನೂ ಇಲ್ಲ, ತಮ್ಮನೂ ಇಲ್ಲ. ಸಂತೋಷವಾ?" ಶಿವಣ್ಣನ ಮುಖ ಕೆಂಪಾಯಿತು. ಮುಂದಿನ ಸಲ ಮಾದೇಶ ಬಿದ್ದಾಗ ಅವನು ನಿಂತ. ಕಣ್ಣಲ್ಲಿ ನೀರಿತ್ತು, ಆದರೂ ಅಂಚಿನಲ್ಲಿ ನಿಂತೇ ಹಗ್ಗ ಎಳೆದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮಾದೇಶ ಮಣ್ಣು ಕೊಡವಿಕೊಂಡು ಮೇಲೆ ಬಂದು, "ನನ್ ಬಾಮೈದ ಪಾಸಾದ" ಎಂದು ಕೂಗಿದ.

ಆ ಸಲ ಮಳೆ ಜೋರಾಗಿಯೇ ಹಿಡಿಯಿತು. ರಾಗಿಗೆ ಒಳ್ಳೆಯದೆಂದು ಎಲ್ಲರಿಗೂ ಖುಷಿ. ಘಟಕಕ್ಕೆ ಮಾತ್ರ ಸಂಕಟ. ಹೊಳೆಯ ನೀರು ಕೆಂಪು ರಾಡಿಯಾಗಿ ಬರುತ್ತಿತ್ತು. ಪಟಿಕ ಎಷ್ಟು ಹಾಕಿದರೂ ಸಾಲದು, ತೊಟ್ಟಿಗಳಲ್ಲಿ ಕೆಸರು ದಿನದಿನಕ್ಕೂ ಏರುತ್ತಿತ್ತು. ನಾನು ಜಗಳವಾಡಿ ತರಿಸಿದ್ದ ಗಾಳಿ ಮಿಷನ್, ಗಾಳಿ ಪರೀಕ್ಷೆ ಮಾಡುವ ಯಂತ್ರ ಎರಡೂ ಬಂದಿದ್ದವು. ಆದರೆ ಕಳುವಾದೀತೆಂದು ಸೂಪರ್‌ವೈಸರ್ ಅವನ್ನು ಸ್ಟೋರಿನಲ್ಲಿಟ್ಟು ಬೀಗ ಹಾಕಿದ್ದ. ಬೀಗದ ಕೈ ಅವನ ಜೇಬಿನಲ್ಲಿ, ಅವನು ಕನಕಪುರದ ಆಫೀಸಿನಲ್ಲಿ. ಜೀವ ಉಳಿಸುವ ಸಾಮಾನನ್ನು ಒಡವೆಯ ಹಾಗೆ ಬೀಗ ಹಾಕಿಡಬೇಡಿ ಎಂದು ಅವನಿಗೆ ಬಾಯಿಗೆ ಬಂದಂತೆ ಬೈದಿದ್ದೆ. ಮೇಲಿನವರಿಗೂ ಹೇಳಿದ್ದೆ. ನೋಡೋಣ ಎಂದಿದ್ದರು.

ಆ ದಿನ ನಾನು ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ಪಾಠ ಮಾಡುತ್ತಿದ್ದೆ. ಪುಟ್ಟಸ್ವಾಮಿ ಫೋನ್ ಮಾಡಿ, "ಮೇಡಂ, ಮಾದೇಶ ಗುಂಡೀಲಿ..." ಎಂದಷ್ಟೇ ಹೇಳಿ ಅಳಲು ಶುರುಮಾಡಿದ. ಅಲ್ಲಿ ನಡೆದದ್ದೆಲ್ಲ ನನಗೆ ಗೊತ್ತಾದದ್ದು ಆಮೇಲೆ, ಅವರವರ ಬಾಯಿಂದ. ಕೆಸರಿನ ವಾಲ್ವು ಸಿಕ್ಕಿಕೊಂಡು ಹಳ್ಳಿಗಳಿಗೆ ನೀರು ನಿಂತಿತ್ತು. ಜನ ಫೋನ್ ಮಾಡಿ ಬೈಯುತ್ತಿದ್ದರು. ಗುಂಡಿಯ ಮುಚ್ಚಳ ತೆಗೆದು, ಬೀಗದ ಕೈಗಾಗಿ ಸೂಪರ್‌ವೈಸರ್‌ಗೆ ಹೇಳಿ ಕಳಿಸಿ, ಮಾದೇಶ ಶಿವಣ್ಣನನ್ನು ಹಗ್ಗ ತರಲು ಶೆಡ್ಡಿಗೆ ಕಳಿಸಿದ. ಅಲ್ಲಿಯವರೆಗೆ ಎಲ್ಲವೂ ಕಲಿಸಿದ ಹಾಗೆಯೇ ನಡೆದಿತ್ತು. ಶಿವಣ್ಣ ಬರುವಷ್ಟರಲ್ಲಿ ಮಾದೇಶ ಮೇಲಿಂದಲೇ ಉದ್ದನೆಯ ಪಾನಾ ಹಾಕಿ ವಾಲ್ವು ತಿರುಗಿಸಲು ನೋಡಿದ. ಮಳೆಗೆ ಕೈ ಜಾರಿ ಪಾನಾ ಒಳಗೆ ಬಿತ್ತು. ಘಟಕಕ್ಕೆ ಇದ್ದದ್ದು ಅದೊಂದೇ. ಎತ್ತಿಕೊಂಡು ಬರುವುದು ಎಷ್ಟು ಹೊತ್ತಿನ ಕೆಲಸ ಎಂದುಕೊಂಡನೋ ಏನೋ, ಅದನ್ನು ತರಲು ಕಬ್ಬಿಣದ ಮೆಟ್ಟಿಲು ಹಿಡಿದು ಇಳಿದುಬಿಟ್ಟ.

ಶಿವಣ್ಣ ಹಗ್ಗ ತೆಗೆದುಕೊಂಡು ಬಂದಾಗ ಭಾವ ತಳದ ಕೆಸರಿನಲ್ಲಿ ಮುಖ ಕೆಳಗಾಗಿ ಬಿದ್ದಿದ್ದ.

ಅವನು ಇಳಿಯಲಿಲ್ಲ. ಹಗ್ಗಕ್ಕೆ ಕುಣಿಕೆ ಹಾಕಿ ಕೈಗೋ ಕಾಲಿಗೋ ಸಿಕ್ಕಿಸಲು ನೋಡಿದ. ಸಿಕ್ಕಿದ್ದು ಜಾರಿತು, ಮತ್ತೆ ಹಾಕಿದ, ಮತ್ತೆ ಜಾರಿತು. "ಭಾವಾ, ಭಾವಾ" ಎಂದು ಕೂಗುತ್ತಲೇ ಇದ್ದ. ಕೂಗು ಕೇಳಿ ಪುಟ್ಟಸ್ವಾಮಿಯೂ ಇನ್ನೊಬ್ಬನೂ ಓಡಿಬಂದರು. ಪುಟ್ಟಸ್ವಾಮಿ ಬಂದವನೇ ಮೆಟ್ಟಿಲಿಗೆ ಕಾಲಿಟ್ಟ. ಶಿವಣ್ಣ ಅವನ ಕೊರಳಪಟ್ಟಿ ಹಿಡಿದು ಎಳೆದು ಕೆನ್ನೆಗೆ ಬಾರಿಸಿ, ಸೊಂಟ ತಬ್ಬಿಕೊಂಡು ನೆಲಕ್ಕೆ ಕೆಡವಿದ. "ಸ್ಟೋರ್ ಬೀಗ ಒಡಿ ಹೋಗ್ಲಾ" ಎಂದು ಇನ್ನೊಬ್ಬನನ್ನು ಓಡಿಸಿದ. ಬೀಗ ಒಡೆದು, ಗಾಳಿ ಮಿಷನ್ ತಂದು ಹಚ್ಚಿ, ಅಗ್ನಿಶಾಮಕದವರು ಬಂದು ಮುಖವಾಡ ಹಾಕಿಕೊಂಡು ಇಳಿದು ಮೇಲೆತ್ತುವ ಹೊತ್ತಿಗೆ ಮಾದೇಶನಲ್ಲಿ ಏನೂ ಉಳಿದಿರಲಿಲ್ಲ.

ನಾನು ಹೋದಾಗ ಅವನನ್ನು ಶೆಡ್ಡಿನಲ್ಲಿ ಮಲಗಿಸಿದ್ದರು. ಶಿವಣ್ಣ ಇನ್ನೂ ಗುಂಡಿಯ ಅಂಚಿನಲ್ಲೇ ನಿಂತಿದ್ದ, ಮಳೆಯಲ್ಲಿ, ಕೈಯಲ್ಲಿ ಹಗ್ಗ ಹಿಡಿದುಕೊಂಡು. ಯಾರು ಕರೆದರೂ ಬಂದಿರಲಿಲ್ಲ. ನಾನು ಹೋಗಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹಗ್ಗ ತೆಗೆದುಕೊಂಡೆ. ನನ್ನ ಕೆಲಸದಲ್ಲಿ ಅದಕ್ಕಿಂತ ಕಷ್ಟದ್ದನ್ನು ನಾನು ಮಾಡಿಲ್ಲ.

ಆ ಸಂಜೆಯೇ ಊರಿನ ಬಾಯಿ ತೆರೆಯಿತು. ಸೂಪರ್‌ವೈಸರ್‌ನ ಬೀಗದ ಮಾತು ಯಾರೂ ಆಡಲಿಲ್ಲ. ಅವನು ಅವರ ಊರಿನವನಲ್ಲ, ಅವರ ಎದುರಿಗೂ ಇರಲಿಲ್ಲ. ಶಿವಣ್ಣ ಎದುರಿಗಿದ್ದ. "ಹಗ್ಗ ಕೈಯಾಗಿಟ್ಕಂಡು ನಿಂತಿದ್ನಂತೆ." "ಇಳ್ಯಾಕೆ ಬಂದೋರ್ನೂ ಬುಡ್ನಿಲ್ವಂತೆ." ಅರಳಿಕಟ್ಟೆಯ ಮೇಲೆ ಒಬ್ಬ ಮುದುಕಪ್ಪ ನನಗೆ ಕೇಳಿಸುವ ಹಾಗೆಯೇ ಅಂದ, "ಹಗ್ಗ ಹಿಡ್ದೋನ್ಗೆ ಇದ್ದದ್ ಒಂದೇ ಕೆಲ್ಸ. ಅಕ್ಕನ್ ತಾಳಿ ಕಾಯೋದು." ಕಟ್ಟೆ ಬಿಟ್ಟು ಕಾಲು ಕದಲಬಾರದೆಂಬ ಇನ್ನೊಂದು ಕಾನೂನು ಅಷ್ಟು ಜನರಲ್ಲಿ ಯಾರಿಗೂ ನೆನಪಾಗಲಿಲ್ಲ. ನೆನಪಿಸಬೇಕಾದವನೇ ಹೋಗಿಬಿಟ್ಟಿದ್ದ.

ಹನ್ನೊಂದನೆಯ ದಿನದ ತಿಥಿಗೆ ಹೋದೆ. ಮನೆ ಮುಂದೆ ಶಾಮಿಯಾನ ಹಾಕಿದ್ದರು. ಶಿವಣ್ಣ ಒಳಗಿರಲಿಲ್ಲ, ರಸ್ತೆಯಾಚೆ ಹುಲ್ಲಿನ ಮೆದೆಯ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ. ತಾನು ಆಡಿ ಬೆಳೆದ ಮನೆಯಲ್ಲಿ ಅವನಿಗೆ ಎಲೆ ಹಾಕಿರಲಿಲ್ಲ. ಪುಟ್ಟಸ್ವಾಮಿಯ ತಾಯಿ ಸೆರಗಿನ ಮರೆಯಲ್ಲಿ ತಟ್ಟೆ ತಂದು ಅವನ ಮುಂದಿಟ್ಟು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ವಯಸ್ಸಿನಲ್ಲಿ ಅಷ್ಟು ಚಿಕ್ಕವನಾದ ಅವನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅವನು ಊಟ ಮುಟ್ಟಲಿಲ್ಲ. ನಾನು ಹತ್ತಿರ ಹೋಗಿ ಕೂತೆ.

"ಮೇಡಂ, ಒಂದ್ ಮಾತ್ ಕೇಳ್ಲಾ? ನಾನ್ ಮಾಡಿದ್ದು ಸರೀನಾ?"

"ಸರಿ ಶಿವಣ್ಣ. ಇಳಿದಿದ್ದರೆ ನೀನೂ ಹೋಗ್ತಿದ್ದೆ, ಪುಟ್ಟಸ್ವಾಮೀನೂ ಹೋಗ್ತಿದ್ದ."

"ಸರಿ ಮಾಡಿದ್ರೆ ಹಿಂಗ್ಯಾಕ್ ಆಯ್ತದೆ ಮೇಡಂ? ಅಕ್ಕ ನನ್ ಮುಖ ನೋಡಾಕಿಲ್ಲ."

ತಟ್ಟೆಯನ್ನು ಅವನ ಹತ್ತಿರಕ್ಕೆ ಸರಿಸಿದೆ. ಎದ್ದು ಒಳಗೆ ಹೋದೆ. ಜಯಮ್ಮ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ಅವಳು ಮೊದಲ ಸಲ ನೋಡುತ್ತಿದ್ದುದು. ತಲೆಯೆತ್ತಿ ಕೇಳಿದಳು.

"ಇಳೀಬ್ಯಾಡ ಅಂತ ಹೇಳ್ಕೊಟ್ಟೋರು ನೀವೇನಾ?"

"ಹೌದಮ್ಮ. ನಾನೇ."

"ಅವ್ನು ಹುಟ್ದಾಗ್ನಿಂದ ನನ್ ಮಾತ್ ಒಂದೂ ಕೇಳ್ದೋನಲ್ಲ" ಎಂದಳು. "ನಿಮ್ ಮಾತ್ ಕೇಳ್ಬುಟ್ಟ."

ಬಸ್ಸಿನಲ್ಲಿ ಚನ್ನಪಟ್ಟಣ ಸೇರುವವರೆಗೂ ಅತ್ತೆ. ನಾನು ಕಲಿಸಿದ್ದು ತಪ್ಪಲ್ಲ. ಅದಾದ ಮೇಲೂ ಎಲ್ಲ ಘಟಕಗಳಲ್ಲಿ ಅದನ್ನೇ ಕಲಿಸಿದ್ದೇನೆ, ಇನ್ನೂ ಜೋರಾಗಿ ಕಲಿಸಿದ್ದೇನೆ. ಆದರೆ ಜೀವ ಉಳಿದ ಮೇಲೆ ಆ ಮನುಷ್ಯ ಊರಿನಲ್ಲಿ ಬಾಳುವುದು ಹೇಗೆ ಎಂಬ ಪಾಠ ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಶಿವಣ್ಣ ಮಳೆಗಾಲ ಮುಗಿಯುವ ಮೊದಲೇ ಊರು ಬಿಟ್ಟ. ಹಾರೋಹಳ್ಳಿಯ ಒಂದು ಕಾರ್ಖಾನೆಗೆ ಸೇರಿ ಅಲ್ಲೇ ರೂಮು ಮಾಡಿಕೊಂಡ. ಹಬ್ಬಕ್ಕೆ ನನಗೆ ಫೋನ್ ಮಾಡುತ್ತಾನೆ. ಅಕ್ಕನ ಸುದ್ದಿ ಕೇಳುವುದಿಲ್ಲ, ನಾನೇ ಹೇಳಲಿ ಎಂದು ಕಾಯುತ್ತಾನೆ.

ಮೊನ್ನೆ ಬಸ್ಸಿನಲ್ಲಿ ಹೊರಟಿದ್ದೂ ಅದೇ ಘಟಕಕ್ಕೆ. ಈಗ ಗುತ್ತಿಗೆದಾರ ಬೇರೆ, ಸೂಪರ್‌ವೈಸರ್ ಬೇರೆ. ಗಾಳಿ ಮಿಷನ್ನು ಗುಂಡಿಯ ಪಕ್ಕದಲ್ಲೇ ಇದೆ, ಬೀಗವಿಲ್ಲ. ಗಂಡನ ಬದಲಿಗೆ ಜಯಮ್ಮನಿಗೆ ಅಲ್ಲೇ ಕೆಲಸ ಕೊಟ್ಟಿದ್ದಾರೆ. ಪಟಿಕ ಕಲಸುವುದು, ತೊಟ್ಟಿ ಗುಡಿಸುವುದು ಅವಳ ಪಾಲು. ಪಾಠಕ್ಕೆ ಅವಳೂ ಬಂದು ಹಿಂದೆ ಕೂತಳು. ಅವಳ ಎದುರಿಗೆ ಗುಂಡಿಯ ಪಾಠ ಹೇಳುವುದು ಹೇಗೆಂದು ಅಳುಕಿದೆ. ಆದರೂ ಹೇಳಿದೆ. ಹೇಳದೆ ಬಿಟ್ಟರೆ ಮುಂದೆ ಇನ್ಯಾರೋ ಇಳಿಯುತ್ತಾರೆ. ಹೊಸದಾಗಿ ಸೇರಿದ್ದ ಒಬ್ಬ ಕೈಯೆತ್ತಿ, "ಒಳಗ್ ಬಿದ್ದಿರೋನು ಒಡಹುಟ್ದೋನೇ ಆದ್ರೂ ಇಳೀಬಾರ್ದಾ ಮೇಡಂ?" ಎಂದ.

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಜಯಮ್ಮ ಎದ್ದು ನಿಂತಳು.

"ಇಳೀಬ್ಯಾಡ ಕಣಪ್ಪ. ಯಾರೇ ಬಿದ್ರೂ ಇಳೀಬ್ಯಾಡ. ನನ್ ಗಂಡ ಬಿದ್ದಿದ್ದ. ನನ್ ತಮ್ಮ ಮ್ಯಾಲ್ ನಿಂತಿದ್ದ. ನಿಂತಿದ್ದಕ್ಕೆ ಅವ್ನೂ ಉಳ್ಕಂಡ, ಪುಟ್ಸಾಮೀನೂ ಉಳ್ಕಂಡ." ಅಷ್ಟು ಹೇಳಿ ಕೂತುಬಿಟ್ಟಳು. ಪುಟ್ಟಸ್ವಾಮಿ ಎದ್ದು ಹೊರಗೆ ಹೋದ.

ಪಾಠ ಮುಗಿದ ಮೇಲೆ ಅವಳು ಪಟಿಕ ಕಲಸುತ್ತಿದ್ದ ಕಡೆ ಹೋದೆ. "ಅಲ್ಲಿ ಹೇಳಿದ ಮಾತನ್ನು ಶಿವಣ್ಣನಿಗೆ ಹೇಳಿದ್ದೀಯಾ ಜಯಮ್ಮ?"

"ಇಲ್ಲ ಮೇಡಂ. ಬುದ್ಧಿಗೆ ಗೊತ್ತಾಯ್ತದೆ, ಎದೆಗೆ ಗೊತ್ತಾಗಾಕಿಲ್ಲ. ಅವ್ನ್ ಎದುರಿಗೆ ಬಾಯ್ ಬರಾಕಿಲ್ಲ."

ನಾನು ಕೇಳದೆಯೇ ಫೋನ್ ಹಚ್ಚಿ ಅವಳ ಕೈಗಿಟ್ಟೆ. ಒದ್ದೆ ಕೈಯಲ್ಲೇ ಕಿವಿಗೆ ಒತ್ತಿಕೊಂಡಳು. "ಹಲೋ, ಹೇಳಿ ಮೇಡಂ" ಎಂಬ ಶಿವಣ್ಣನ ದನಿ ನನಗೂ ಕೇಳಿಸಿತು. ಇವಳು ಮಾತಾಡಲಿಲ್ಲ. ಅವನು ಮತ್ತೊಮ್ಮೆ ಹಲೋ ಎಂದ. ಆಮೇಲೆ ತೀರಾ ಮೆಲ್ಲಗೆ, "ಅಕ್ಕಾ?" ಎಂದ.

ಜಯಮ್ಮ ಫೋನನ್ನು ನನ್ನ ಕೈಗೆ ವಾಪಸು ತುರುಕಿದಳು. ಅತ್ತ ತಿರುಗಿ ನಿಂತು, "ಉಂಡ್ನಾ ಅಂತ ಕೇಳಿ" ಎಂದಳು.

ಕೇಳಿದೆ. ಇನ್ನೂ ಇಲ್ಲ ಎಂದ. ಇನ್ನೂ ಇಲ್ಲವಂತೆ ಎಂದೆ.

"ಹೊತ್ತಾಯ್ತು, ಉಣ್ಣಾಕ್ ಹೇಳಿ" ಎಂದು ಜಯಮ್ಮ ಬಕೆಟ್ ಎತ್ತಿಕೊಂಡು ತೊಟ್ಟಿಯ ಕಡೆ ಹೊರಟಳು. ಹೇಳಿದೆ. ಅವನು ಫೋನ್ ಇಡಲಿಲ್ಲ, ಹಿಡಿದುಕೊಂಡೇ ಇದ್ದ.